ಕರ್ನ್‌ಜಾ ಹಿಟ್ಟು: ನಮ್ಮ ಹೆಂಚಿನ ಮೇಲೆ ಒಂದು ತಿಂಗಳು

ಮಗಳು ಮಿನ್ನೆಸೋಟದಿಂದ ಬರುವಾಗ ಈ ಸಲ ಎರಡು ಪೊಟ್ಟಣ ಕರ್ನ್‌ಜಾ ಹಿಟ್ಟು ತಂದಳು. ಸೋಮವಾರಪೇಟೆ ಹತ್ತಿರದ ನಮ್ಮ ಮನೆಯಲ್ಲಿ ಒಂದು ತಿಂಗಳಿಂದ ಅದರದ್ದೇ ಪ್ರಯೋಗ. ಕೇಳಿದವರಿಗೆಲ್ಲ ಬಾಯಲ್ಲಿ ಹೇಳಿ ಸಾಕಾಯ್ತು, ಅದಕ್ಕೆ ಬರೆಯುತ್ತಿದ್ದೇನೆ.

ಕರ್ನ್‌ಜಾ ಅಂದರೆ ಗೋಧಿಯ ದಾಯಾದಿ ಹುಲ್ಲೊಂದರ ಕಾಳು. ಒಮ್ಮೆ ಬಿತ್ತಿದರೆ ಕೊಯ್ದ ಮೇಲೂ ಬುಡ ಸಾಯುವುದಿಲ್ಲ, ಮರುವರ್ಷ ಅಲ್ಲಿಂದಲೇ ಚಿಗುರುತ್ತದೆ. ಅಮೆರಿಕದ ಕ್ಯಾನ್ಸಸ್‌ನಲ್ಲಿರುವ ಲ್ಯಾಂಡ್ ಇನ್‌ಸ್ಟಿಟ್ಯೂಟ್ ಇದನ್ನು ಬೆಳೆಸಿದ್ದು. ವೆಸ್ ಜಾಕ್ಸನ್ ಅವರು 1976ರಲ್ಲಿ ಶುರು ಮಾಡಿದ ಸಂಸ್ಥೆ ಅದು. ಅಲ್ಲಿನ ಹುಲ್ಲುಗಾವಲನ್ನು ಯಾರೂ ಉಳುವುದಿಲ್ಲ, ಗೊಬ್ಬರ ಹಾಕುವುದಿಲ್ಲ. ಆದರೂ ಮಣ್ಣು ಕೊಚ್ಚಿ ಹೋಗುವುದಿಲ್ಲ. ಹೊಲವೂ ಹಾಗೇ ಯಾಕಿರಬಾರದು ಅನ್ನುವುದು ಅವರ ಪ್ರಶ್ನೆ. ನಮ್ಮ ದೇವರಕಾಡು ನೋಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಈಗ ಹಿಟ್ಟಿನ ವಿಷಯ. ಬಣ್ಣ ತಿಳಿ ಕಂದು. ಮೂಗಿಗೆ ಹಿಡಿದರೆ ಹುರಿದ ಕಾಳಿನ ಘಮ, ನಾಲಿಗೆಗೆ ಸಣ್ಣ ಸಿಹಿ. ಮೊದಲ ದಿನ ಬರೀ ಇದರಲ್ಲೇ ಚಪಾತಿ ಮಾಡಿದೆ. ಹಿಟ್ಟು ನೀರು ಜಾಸ್ತಿ ಕುಡಿಯಿತು. ಲಟ್ಟಿಸುವಾಗ ಅಂಚೆಲ್ಲ ಬಿರುಕು, ಎತ್ತಿ ಕಾವಲಿಗೆ ಹಾಕುವಷ್ಟರಲ್ಲಿ ಎರಡು ತುಂಡು. ಇದರಲ್ಲಿ ಅಂಟು ಕಡಿಮೆ, ತವುಡು ಜಾಸ್ತಿ. ಕಾಳು ಗೋಧಿಗಿಂತ ತುಂಬಾ ಸಣ್ಣ, ಹಾಗಾಗಿ ಸಿಪ್ಪೆಯ ಪಾಲೇ ಹೆಚ್ಚು. ಮಾರನೇ ದಿನ ಅರ್ಧಕ್ಕರ್ಧ ಗೋಧಿ ಹಿಟ್ಟು ಬೆರೆಸಿ, ಕಲಸಿ, ಅರ್ಧ ಗಂಟೆ ಮುಚ್ಚಿಟ್ಟೆ. ಚೆನ್ನಾಗಿ ಬಂತು, ಉಬ್ಬಿತು ಕೂಡ.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ತಟ್ಟಿದ ರೊಟ್ಟಿ. ಒಂದು ಪಾಲು ಕರ್ನ್‌ಜಾ, ಎರಡು ಪಾಲು ಅಕ್ಕಿ ಹಿಟ್ಟು, ಈರುಳ್ಳಿ, ಹಸಿಮೆಣಸು, ಬಿಸಿನೀರು. ಬಾಳೆಲೆ ಮೇಲೆ ತಟ್ಟಿ ಹೆಂಚಿಗೆ ಹಾಕಿದೆ. ಅಂಚು ಗರಿಗರಿ, ನಡುವೆ ಮೆತ್ತಗೆ. ಮಾವನವರು ಎರಡನೇ ರೊಟ್ಟಿ ಕೇಳಿ ಹಾಕಿಸಿಕೊಂಡರು. ದೋಸೆಗೆ ಮಾತ್ರ ಬೇಡ. ಇನ್ನೊಂದು ಮಾತು, ಇದರಲ್ಲೂ ಗ್ಲುಟೆನ್ (ಗೋಧಿಯಲ್ಲಿರುವ ಅಂಟಿನ ಅಂಶ) ಇದೆ, ಗೋಧಿ ಆಗದವರು ಮುಟ್ಟಬೇಡಿ. ಬೆಲೆ ನಮ್ಮ ಗೋಧಿ ಹಿಟ್ಟಿನ ಹಲವು ಪಟ್ಟು. ಅದಕ್ಕೆ ಕಾರಣವೂ ಇದೆ. ಇಳುವರಿ ಗೋಧಿಯ ಮೂರನೇ ಒಂದು ಭಾಗ ಮುಟ್ಟುವುದೂ ಕಷ್ಟ, ಎರಡು ಮೂರು ವರ್ಷ ಕಳೆದರೆ ಇನ್ನೂ ಇಳಿಯುತ್ತದೆ.

ಆದರೂ ಪೊಟ್ಟಣ ಕೈಗೆ ಬಂದ ದಿನದಿಂದ ನನ್ನ ತಲೆ ತುಂಬ ಇದೇ. ಮಗಳು ಫೋನಿನಲ್ಲಿ ಇದರ ಬೇರಿನ ಚಿತ್ರ ತೋರಿಸಿದಳು. ಸುಮಾರು 10 ಅಡಿ ಆಳ! ನಮ್ಮ ಜಗಲಿಯಿಂದ ಮಾಡಿನವರೆಗೆ ಬರುತ್ತದೆ. ಪಕ್ಕದಲ್ಲಿದ್ದ ಗೋಧಿಯ ಬೇರು ಅದರ ಮುಂದೆ ಏನೂ ಇಲ್ಲ. ನಮ್ಮ ತೋಟದಲ್ಲಿ ಹಲಸು, ಅತ್ತಿ, ನಂದಿ ಮರಗಳ ಕೆಳಗೆ ಕಾಫಿ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ವರ್ಷಕ್ಕೊಮ್ಮೆ ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಸವರುವ ಕೆಲಸ, ಮಾಡುತ್ತೇವೆ, ನೆಲ ಉಳುವುದಿಲ್ಲ. ಜುಲೈ ಮಳೆಯಲ್ಲೂ ತೋಟದಿಂದ ಇಳಿಯುವ ನೀರು ತಿಳಿಯಾಗಿರುತ್ತದೆ. ಅದೇ ಹೊತ್ತಿಗೆ ಉಳುಮೆ ಮಾಡಿದ ಗದ್ದೆಯಿಂದ ಹಳ್ಳಕ್ಕೆ ಬೀಳುವ ನೀರು ಕೆಂಪು. ಅದು ನಮ್ಮ ಮಣ್ಣು. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಕರ್ನ್‌ಜಾ ಚಳಿ ದೇಶದ ಬೆಳೆ, ಇಲ್ಲಿ ಅದನ್ನು ಬೆಳೆಯಿರಿ ಅಂತ ನಾನು ಹೇಳುತ್ತಿಲ್ಲ. ನಮಗೆ ಬೇಕಾಗಿರುವುದು ಇಂಥದ್ದೇ ಭತ್ತ. ಕೊಯ್ಲಾದ ಗದ್ದೆಯಲ್ಲಿ ಕೂಳೆ ಚಿಗುರಿ ನಾಲ್ಕು ತೆನೆ ಬಿಡುವುದನ್ನು ಎಲ್ಲರೂ ಕಂಡಿದ್ದೇವೆ, ದನ ಮೇಯಿಸಿ ಬಿಡುತ್ತೇವೆ. ಚೀನಾದ ಯುನ್ನಾನ್ ವಿಶ್ವವಿದ್ಯಾಲಯದವರು ಆಫ್ರಿಕಾದ ಕಾಡುಭತ್ತದ ಜೊತೆ ನಾಡಭತ್ತ ಕೂಡಿಸಿ, ಆ ಕೂಳೆಯೇ ಪೂರ್ತಿ ಬೆಳೆ ಕೊಡುವ ಹಾಗೆ ಮಾಡಿದ್ದಾರೆ. 2018ರಲ್ಲಿ ಪಿಆರ್23 ಅನ್ನುವ ತಳಿ ರೈತರಿಗೆ ಸಿಕ್ಕಿತು. ಒಂದೇ ನಾಟಿಯಲ್ಲಿ 4 ವರ್ಷ, 8 ಕೊಯ್ಲು. ಹೆಕ್ಟೇರಿಗೆ ಸರಾಸರಿ 6.8 ಟನ್, ಪ್ರತಿ ಸಲ ನಾಟಿ ಮಾಡಿದ ಭತ್ತಕ್ಕೆ 6.7. ನಾಟಿ ಇಲ್ಲದ ಬೆಳೆಗೆ ಆಳಿನ ಕೆಲಸ ಶೇಕಡಾ 58ರಷ್ಟು ಕಡಿಮೆಯಂತೆ.

ಈ ಕೊನೆಯ ಲೆಕ್ಕ ಓದಿ ಹೇಳಿದಾಗ ಮಾವನವರು ಊಟದ ತಟ್ಟೆಯಿಂದ ಕೈ ಎತ್ತಿ, "ಇನ್ನೊಂದ್ಸಲ ಹೇಳಮ್ಮ" ಅಂದರು. ನಾಟಿಗೆ ಆಳು ಸಿಗದೆ ನಮ್ಮ ಎರಡು ಎಕರೆ ಗದ್ದೆಯಲ್ಲಿ ಒಂದು ಎಕರೆ ಮೂರು ವರ್ಷದಿಂದ ಪಾಳು ಬಿದ್ದಿದೆ. ಹುತ್ತರಿಗೆ ಕದಿರು ತೆಗೆಯುವುದು ಉಳಿದರ್ಧದಿಂದ.

ಹಿಟ್ಟು ಸಿಕ್ಕಿದರೆ ಖಂಡಿತ ತಂದು ನೋಡಿ, ರೊಟ್ಟಿಗೆ ಬೆರೆಸಿ. ಒಂದೇ ಎಚ್ಚರಿಕೆ: ಇದು ತವುಡು ಸಮೇತ ಬೀಸಿದ ಹಿಟ್ಟು, ನಮ್ಮ ಮಳೆಗಾಲದಲ್ಲಿ ಹೊರಗಿಟ್ಟರೆ ಬೇಗ ಕಹಿಯಾಗುತ್ತದೆ. ನಾನು ಉಳಿದ ಅರ್ಧ ಪೊಟ್ಟಣವನ್ನು ಬಿಗಿ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿ ಇಟ್ಟಿದ್ದೇನೆ.