ನಮ್ಮ ಪದ್ಮಿನಿ ಸೋರಿದ್ದು ರಿಪೇರಿ ಆದ ಮೇಲೆ

ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಮನೆಯಲ್ಲಿ ಇನ್ನೂ ಪೂರ್ತಿ ಲೆಕ್ಕ ಹೇಳಿಲ್ಲ. ಆದರೂ ಬರೆಯುತ್ತಿದ್ದೇನೆ. ಹಳೇ ಕಾರು ಇಟ್ಟುಕೊಂಡವರು ಇನ್ನೂ ಎಷ್ಟೋ ಜನ ನಾನು ಗಾಡಿ ಕೊಟ್ಟ ರಿಪೇರಿ ಶೆಡ್ಡಿನ ಬಾಗಿಲಿಗೇ ಹೋಗುತ್ತಾರೆ, ನನಗೆ ಗೊತ್ತು.

64,500 ರೂಪಾಯಿ. ಕಾರಿನೊಳಗೆ ನೀರು ಬರೋದು ನಿಲ್ಲಲಿ ಅಂತ ಅಷ್ಟು ಕೊಟ್ಟೆ. ಕೊಡೋ ಮುಂಚೆ ಚಮಚದಷ್ಟು ಬರುತ್ತಿತ್ತು. ಕೊಟ್ಟ ಮೇಲೆ ಚೊಂಬುಗಟ್ಟಲೆ ಬಂತು.

ಗಾಡಿ 1985ರ ಪ್ರೀಮಿಯರ್ ಪದ್ಮಿನಿ. ಬಿಳಿ ಬಣ್ಣ. ಅಪ್ಪ ಬುಕ್ ಮಾಡಿ, ಕಾದು ಕಾದು ತಂದದ್ದು. ನಮ್ಮದು ತೀರ್ಥಹಳ್ಳಿ ಕಡೆ, ಮಳೆ ಬಗ್ಗೆ ಹೇಳಬೇಕಾಗಿಲ್ಲ. ಆರಿದ್ರಾ ಮಳೆ ಹಿಡಿದರೆ ಆಕ್ಸಿಲರೇಟರ್ ಮೇಲಿಟ್ಟ ಬಲಗಾಲಿಗೆ ಟಪ್ ಟಪ್ ಅಂತ ಹನಿ ಬೀಳುತ್ತಿತ್ತು. ಅಷ್ಟೇ. ಅಪ್ಪ ಅಲ್ಲೊಂದು ಹಳೇ ಪಂಚೆ ತುಂಡು ಹಾಕಿಕೊಂಡೇ ಇಪ್ಪತ್ತು ವರ್ಷ ಓಡಿಸಿದರು. ನನಗೆ ಆ ಬುದ್ಧಿ ಬರಲಿಲ್ಲ. ಅಪ್ಪನ ಗಾಡಿಯನ್ನು ಹೊಸದರಂತೆ ಮಾಡಿಸಬೇಕು ಅನ್ನೋ ಹುಚ್ಚು.

ಪರಿಚಯದವರೊಬ್ಬರು ಬೆಂಗಳೂರಿನ ಒಂದು ವರ್ಕ್‌ಶಾಪ್ ಹೇಳಿದರು. ಹೆಸರು ಬರೆಯೋದಿಲ್ಲ. ಹಳೇ ಗಾಡಿಗಳನ್ನೇ ಮಾಡೋರು, ಫೋಟೋಗಳೆಲ್ಲ ಕಣ್ಣು ಕುಕ್ಕೋ ಹಾಗಿದ್ದವು. 2024ರ ಸಂಕ್ರಾಂತಿ ಮುಗಿಸಿಕೊಂಡು ಮುನ್ನೂರು ಕಿಲೋಮೀಟರ್‌ಗೂ ಜಾಸ್ತಿ ಓಡಿಸಿಕೊಂಡು ಹೋದೆ. ಗಾಡಿ ಒಂದು ಸಲವೂ ಕೈ ಕೊಡಲಿಲ್ಲ.

ಅಲ್ಲಿಯ ಓನರ್ ಬಾಗಿಲು ತೆಗೆದು, ಮುಂದಿನ ಗಾಜಿನ ರಬ್ಬರನ್ನು ಉಗುರಿನಲ್ಲಿ ಒತ್ತಿ ನೋಡಿ, "ಬೀಡಿಂಗ್ ಹೋಗಿದೆ ಸಾರ್" ಅಂದರು. ಎರಡು ನಿಮಿಷ. ಒಂದು ಚೊಂಬು ನೀರು ಹುಯ್ದು ನೋಡಲಿಲ್ಲ. ಕಾರ್ಪೆಟ್ ಎತ್ತಲಿಲ್ಲ. ಹನಿ ಬೀಳೋದು ಬಲಗಾಲಿಗೆ ಅಂತ ನಾನು ಹೇಳಿದ್ದನ್ನು ಕೇಳಿಸಿಕೊಳ್ಳಲೂ ಇಲ್ಲ. ನನಗೆ ಅಲ್ಲೇ ತಿಳಿಯಬೇಕಿತ್ತು. ತಿಳಿಯಲಿಲ್ಲ, ಯಾಕೆಂದರೆ ಪಕ್ಕದಲ್ಲೇ ಪಾಲಿಶ್ ಹೊಡೆದ ಒಂದು ಅಂಬಾಸಿಡರ್ ನಿಂತಿತ್ತು. ನಾನು ಅದನ್ನೇ ನೋಡುತ್ತಿದ್ದೆ.

ಮೊದಲು ಹೇಳಿದ್ದು 18,000. ಅಡ್ವಾನ್ಸ್ 20,000 ಕೇಳಿದರು. ಹದಿನೆಂಟರ ಕೆಲಸಕ್ಕೆ ಇಪ್ಪತ್ತು ಅಡ್ವಾನ್ಸ್ ಯಾಕೆ ಅಂತ ಕೇಳಿದರೆ, "ಪಾರ್ಟ್ಸ್ ಬಾಂಬೆಯಿಂದ ಬರಬೇಕು ಸಾರ್. ಟ್ಯಾಕ್ಸಿ ನಿಂತುಹೋಯ್ತಲ್ಲ, ಮಾಲೇ ಇಲ್ಲ" ಅಂದರು. ಹೌದು, ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರ್‌ನಲ್ಲಿ. ಪೇಪರಿನಲ್ಲಿ ಓದಿದ್ದೆ, ಬೇಜಾರೂ ಆಗಿತ್ತು. ಆ ಬೇಜಾರಿನ ಮೇಲೇ ಅವರು ದುಡ್ಡು ಎಣಿಸಿಕೊಂಡರು. ಆಮೇಲೆ ನಾನೇ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿದೆ. ಮೂರನೇ ಅಂಗಡಿಯಲ್ಲಿ ರಬ್ಬರ್ ಮೇಲಿನಿಂದ ನೇತಾಡುತ್ತಿತ್ತು. ಯಾವ ಬಾಂಬೆ?

ಫೆಬ್ರವರಿಯಲ್ಲಿ ಫೋನ್. "ಸಾರ್, ಫ್ಲೋರ್ ಪೂರ್ತಿ ಹೋಗಿದೆ." ಮಾರ್ಚ್‌ನಲ್ಲಿ ಇನ್ನೊಂದು. "ಸಾರ್, ಡೋರ್ ಪ್ಯಾಡ್ ಬಿಚ್ಚಿದ್ವಿ, ಒಳಗೆ ಕೊಳೆತಿದೆ, ಹೊಸ ರೆಕ್ಸಿನ್ ಹಾಕಿಬಿಡೋಣ್ವಾ?" ಡೋರ್ ಪ್ಯಾಡ್ ಅಂದರೆ ಬಾಗಿಲ ಒಳಮೈಗೆ ಹಾಕೋ ಹಲಗೆ. ಬಿಚ್ಚಿ ಹರಡಿದ ಗಾಡಿ ಮುನ್ನೂರು ಕಿಲೋಮೀಟರ್ ಆಚೆ ಇರುವಾಗ ಬೇಡ ಅನ್ನೋಕೆ ಆಗುತ್ತಾ? ಹೂಂ ಅಂದೆ. ಪ್ರತಿ ಸಲ ಹೂಂ ಅಂದೆ.

ಕೊನೆಗೆ ಲೆಕ್ಕ ಹೀಗೆ: ಮುಂದಿನ ಗಾಜಿನ ಬೀಡಿಂಗ್ 9,000, ಬಾಗಿಲ ರಬ್ಬರ್‌ಗಳು 12,000, ಫ್ಲೋರ್ ವೆಲ್ಡಿಂಗ್ 16,500, ಗಾಡಿಯ ತಳಕ್ಕೆ ಟಾರು ಕೋಟಿಂಗ್ 7,000, ಕಾರ್ಪೆಟ್ 8,000, ಡೋರ್ ಪ್ಯಾಡ್ 12,000. ಇದೂ ಒಂದು ಚೀಟಿಯಲ್ಲಿ ಪೆನ್ನಿನಲ್ಲಿ ಗೀಚಿದ್ದು. ಬಿಲ್ ಕೇಳಿದೆ. "ಬಿಲ್ ಬೇಕಂದ್ರೆ 18 ಪರ್ಸೆಂಟ್ ಜಿಎಸ್‌ಟಿ ಸೇರುತ್ತೆ, ನಿಮಗೇ ಲಾಸ್" ಅಂದರು. ನಾನು ಜಾಣ ಅಂದುಕೊಂಡು ಬಿಲ್ ಬಿಟ್ಟೆ. ನನ್ನ ತಪ್ಪುಗಳಲ್ಲಿ ಇದೇ ದೊಡ್ಡದು.

ಏಪ್ರಿಲ್ ಕೊನೆಗೆ ಗಾಡಿ ತಂದೆ. ಹೊಳೆಯುತ್ತಿತ್ತು, ಸುಳ್ಳು ಹೇಳೋದಿಲ್ಲ. ಒಳಗೆ ಮಾತ್ರ ಹುಳಿ ವಾಸನೆ, ವಿನೆಗರ್ ಚೆಲ್ಲಿದ ಹಾಗೆ. "ಹೊಸ ಸೀಲಂಟ್ ವಾಸನೆ ಸಾರ್, ಹೋಗುತ್ತೆ" ಅಂದಿದ್ದರು. ಬೀಡಿಂಗ್ ಒಳಗಿದ್ದ ಬೆಳ್ಳಿ ಬಣ್ಣದ ಪಟ್ಟಿ ಇರಲಿಲ್ಲ. ಕೇಳಿದ್ದಕ್ಕೆ, "ಅದು ಬರಲೇ ಇಲ್ಲ ಸಾರ್ ನಿಮ್ಮ ಗಾಡಿ ಜೊತೆ." ಹತ್ತಿರ ಹತ್ತಿರ ನಲವತ್ತು ವರ್ಷ ನಾನು ಬಟ್ಟೆಯಲ್ಲಿ ಒರೆಸಿದ ಪಟ್ಟಿ ಅದು!

ಜೂನ್‌ನಲ್ಲಿ ಮೃಗಶಿರ ಮಳೆ. ನಾದಿನಿ ಮನೆಯ ನಾಮಕರಣಕ್ಕೆ ಹೊರಟಿದ್ದೆವು. ಹೆಂಡತಿ ರೇಷ್ಮೆ ಸೀರೆ, ಹಿಂದೆ ಅಮ್ಮ. ಕೊಪ್ಪದ ದಾರಿಯಲ್ಲಿ ಒಂದು ತಿರುವಿನಲ್ಲಿ ಬ್ರೇಕ್ ಹಾಕಿದೆ ನೋಡಿ, ಹಿಂದಿನಿಂದ ನೀರು ಕಾರ್ಪೆಟ್ ಕೆಳಗೆ ಸರ್ ಅಂತ ಮುಂದಕ್ಕೆ ಬಂತು. ಸೀರೆಯ ನೆರಿಗೆ ಅರ್ಧ ಅಡಿ ಒದ್ದೆ. ಅಮ್ಮ ಕಾಲು ಮೇಲೆತ್ತಿಕೊಂಡು, "ಇದೆಂತ ಮಾರಾಯ, ದೋಣಿ ಮಾಡಿಸಿಕೊಂಡು ಬಂದ್ಯಾ?" ಅಂದರು. ಯಾರೂ ನಗಲಿಲ್ಲ.

ಅವತ್ತು ಸಂಜೆಯಿಂದಲೇ ವರ್ಕ್‌ಶಾಪ್ ಓನರ್‌ಗೆ ಫೋನ್ ಮಾಡೋಕೆ ಶುರು ಮಾಡಿದೆ. ಅವರ ಉತ್ತರಗಳನ್ನು ಹೇಳಿದ ಹಾಗೇ ಬರೆಯುತ್ತೇನೆ.

ಮೊದಲನೇ ದಿನ: "ಡ್ರೈವಿಂಗ್ ಸಾರ್, ಆಮೇಲೆ ಮಾಡ್ತೀನಿ." ಮಾಡಲಿಲ್ಲ.

ನಾಲ್ಕನೇ ದಿನ: "ಹಳೇ ಗಾಡಿ ಅಂದ್ರೆ ಸ್ವಲ್ಪ ಸೋರೋದೇ ಸಾರ್." ಹಾಗಾದರೆ ನಾನು ಕೊಟ್ಟಿದ್ದು ಯಾತಕ್ಕೆ?

ವಾರ ಬಿಟ್ಟು: "ಮಳೇಲಿ ಯಾಕೆ ಸಾರ್ ತೆಗೀತೀರ? ಇದು ಶೋ ಗಾಡಿ."

ಆಮೇಲೆ ಬಂದದ್ದು ಕೇಳಿ: "ಸಾರ್, ನಿಮ್ಮೂರ ಮಳೆ ಬೇರೆ. ನಾವು ಗ್ಯಾರಂಟಿ ಕೊಟ್ಟಿದ್ದು ಬೆಂಗಳೂರು ಮಳೆಗೆ."

ಬೆಂಗಳೂರು ಮಳೆಗೆ! ನಾನು ಫೋನ್ ಕೈಯಲ್ಲಿ ಹಿಡಿದು ಸುಮ್ನೆ ನಿಂತಿದ್ದೆ. ಬೈಯೋಕೂ ಮಾತು ಬರಲಿಲ್ಲ. ಅದಾದ ಮೇಲೆ ಮೆಸೇಜ್‌ಗೆ ನೀಲಿ ಗೀಟು ಮಾತ್ರ.

ನಮ್ಮೂರಲ್ಲಿ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಕೆಲಸ ಮಾಡಿ ರಿಟೈರ್ ಆದ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರ ಹತ್ತಿರ ಹೋಗೋಕೂ ಮುಜುಗರ, ಯಾಕೆಂದರೆ ಜನವರಿಯಲ್ಲಿ ಅವರನ್ನು ಬಿಟ್ಟು ಬೆಂಗಳೂರಿಗೆ ಓಡಿದ್ದವನು ನಾನು. ಬಂದರು. ಮೊದಲ ಮಾತೇ, "ಕಾರ್ಪೆಟ್ ಎತ್ತಿ ಮಾರಾಯ್ರೇ."

ಎತ್ತಿದೆ. 8,000 ರೂಪಾಯಿಯ ಹೊಸ ಕಾರ್ಪೆಟ್ ಕೆಳಗೆ ಅದೇ ಹಳೇ ಫೆಲ್ಟು, ಅಂದರೆ ದಪ್ಪ ಬಟ್ಟೆಯ ಹಾಸು. ನೆನೆದು ಕೊಳೆತು, ಹಿಂಡಿದರೆ ಕರಿ ನೀರು. ಅದರ ಕೆಳಗೆ ವೆಲ್ಡಿಂಗ್ ಎಲ್ಲಿ? ವೆಲ್ಡಿಂಗೇ ಇಲ್ಲ! ಒಂದು ತಗಡಿನ ತುಂಡು, ನಾಲ್ಕು ರಿವೆಟ್, ಸುತ್ತ ಎಂ-ಸೀಲ್, ಮೇಲೆ ಟಾರು. 16,500. ಪಕ್ಕದಲ್ಲೇ ಡ್ರಿಲ್ ಹೊಡೆದ ಒಂದು ತೂತು, ಹೊಚ್ಚ ಹೊಸದು. ಅದರಿಂದ ನಮ್ಮ ಅಂಗಳ ಕಾಣುತ್ತಿತ್ತು.

ಇದೊಂದಕ್ಕೆ ಮಾತ್ರ ವರ್ಕ್‌ಶಾಪಿನವರು ಬೇಗ ಉತ್ತರ ಕೊಟ್ಟರು. ಫೋಟೋ ಕಳಿಸಿದ ಐದು ನಿಮಿಷಕ್ಕೆ ವಾಯ್ಸ್ ಮೆಸೇಜ್: "ಅದು ನಾವೇ ಮಾಡಿರೋದು ಸಾರ್, ಒಳಗೆ ಬಂದ ನೀರು ಹೊರಗೆ ಹೋಗಲಿ ಅಂತ. ಅದಕ್ಕೆ ದುಡ್ಡು ತಗೊಂಡಿಲ್ಲ."

ನೀರು ಒಳಗೆ ಬರುತ್ತೆ ಅಂತ ಅವರಿಗೆ ಮೊದಲೇ ಗೊತ್ತಿತ್ತು! ಗೊತ್ತಿದ್ದೂ ಗಾಡಿ ಕೈಗೆ ಕೊಟ್ಟರು. ಆ ವಾಯ್ಸ್ ಮೆಸೇಜನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ನಗ್ತಾ ಹೇಳಿದ್ದಾರೆ.

ನಿಜವಾದ ಕಾರಣ ಹುಡುಕೋಕೆ ನಮ್ಮ ಮೆಕ್ಯಾನಿಕ್ ತೆಗೆದುಕೊಂಡದ್ದು ಒಂದು ಮಧ್ಯಾಹ್ನ. ಮಳೆ ಬಿಟ್ಟ ದಿನ ಒಳಗೆಲ್ಲ ಒಣಗಿಸಿ, ನೀರು ಹರಿದ ಗೆರೆ ಕಾಣಲಿ ಅಂತ ಅನುಮಾನ ಇದ್ದ ಕಡೆ ಮುಖಕ್ಕೆ ಹಚ್ಚೋ ಪೌಡರ್ ಉದುರಿಸಿದರು. ನನ್ನನ್ನು ಟಾರ್ಚ್ ಕೊಟ್ಟು ಒಳಗೆ ಕೂರಿಸಿದರು. ತೋಟದ ಪೈಪು ಹಿಡಿದು, ಜೋರಾಗಿ ಚಿಮ್ಮಿಸದೆ, ಕೆಳಗಿನಿಂದ ಶುರು ಮಾಡಿ ಒಂದೊಂದೇ ಜಾಗಕ್ಕೆ ಹತ್ತು ನಿಮಿಷ ನೀರು ಬಿಟ್ಟರು. ಮೇಲಿನಿಂದ ಹುಯ್ದರೆ ಎಲ್ಲಾ ಕಡೆಯಿಂದಲೂ ಬಂದ ಹಾಗೆ ಕಾಣುತ್ತಂತೆ. "ಹೆಂಚಿನ ಮನೆ ಅಲ್ವಾ ನಿಮ್ಮದು? ಹೆಂಚು ಒಡೆದದ್ದು ಒಂದು ಕಡೆ, ನೀರು ರೀಪಿನ ಮೇಲೆ ಹರಿದು ಸೋರೋದು ಇನ್ನೊಂದು ಕಡೆ. ಕಾರೂ ಹಾಂಗೇ."

ಬಲಗಾಲಿನ ಹನಿ ಬರುತ್ತಿದ್ದದ್ದು ವೈಪರ್ ಕಡ್ಡಿ ಹೊರಗೆ ಬರೋ ತೂತಿನಿಂದ. ಅಲ್ಲಿಯ ರಬ್ಬರ್ ಬುಷ್ ಕಲ್ಲಾಗಿತ್ತು. ಇಡೀ ಕಥೆಗೆ ಮೂಲ ಅಷ್ಟೇ, ಒಂದು ಬೆರಳಿನಷ್ಟು ರಬ್ಬರ್. ಅದನ್ನು ಬೆಂಗಳೂರಿನವರು ಮುಟ್ಟಿಯೇ ಇರಲಿಲ್ಲ.

ಚೊಂಬುಗಟ್ಟಲೆ ನೀರು ಅವರೇ ಮಾಡಿದ್ದು. ಕಿಟಕಿ ಗಾಜಿನ ಮೇಲಿಂದ ಮಳೆ ನೀರು ಬಾಗಿಲ ಒಳಗೆ ಇಳಿಯೋದು ಸಹಜ, ಅದು ಸೋರಿಕೆ ಅಲ್ಲ. ಡೋರ್ ಪ್ಯಾಡ್ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತೆ, ಅದು ನೀರನ್ನು ಬಾಗಿಲೊಳಗೇ ತಡೆದು ಕೆಳಗಿನ ತೂತುಗಳಿಂದ ರಸ್ತೆಗೆ ಬಿಡುತ್ತೆ. ಇವರು ಹೊಸ ರೆಕ್ಸಿನ್ ಹಾಕುವಾಗ ಹಾಳೆ ಕಿತ್ತು ಎಸೆದಿದ್ದರು, ನಾಲ್ಕೂ ಬಾಗಿಲಲ್ಲಿ. ಕೆಳಗಿನ ತೂತುಗಳಿಗೆ ಟಾರು ಮೆತ್ತಿದ್ದರು. ನೀರಿಗೆ ಕಾರಿನ ಒಳಗೆ ಬರೋದು ಬಿಟ್ಟು ಬೇರೆ ದಾರಿಯೇ ಇರಲಿಲ್ಲ. 7,000 ಕೋಟಿಂಗ್, 12,000 ಪ್ಯಾಡ್. ಸೋರೋ ಹಾಗೆ ಮಾಡಿಸೋಕೆ 19,000 ಕೊಟ್ಟಿದ್ದೇನೆ ನಾನು.

ಆ ಹುಳಿ ವಾಸನೆ ಅಗ್ಗದ ಸಿಲಿಕೋನ್‌ದು. ಒಣಗುವಾಗ ಆಸಿಡ್ ಬಿಡುತ್ತೆ, ಬರಿ ಕಬ್ಬಿಣ ಸಿಕ್ಕರೆ ತುಕ್ಕು ಹಿಡಿಸುತ್ತೆ. ಗಾಜಿನ ಸುತ್ತ ಕೊಯ್ದು ತೆಗೆದಾಗ ಫ್ರೇಮಿನ ಮೇಲೆ ಕೆಂಪು ಹುಡಿ. ಎರಡೇ ತಿಂಗಳಿಗೆ.

ರಿಪೇರಿ ಹೇಗಾಯ್ತು ಅಂತೀರಾ? ಟಾರನ್ನು ಸ್ಕ್ರೂಡ್ರೈವರ್‌ನಲ್ಲಿ ಕೆದಕಿ, ತೂತುಗಳಿಗೆ ತೆಂಗಿನ ಕಡ್ಡಿ ಆಡಿಸಿದ್ದು. ಅಡಿಕೆ ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ (ಹೊದಿಕೆ) ಕಟ್ಟಿ ಉಳಿದ ಪ್ಲಾಸ್ಟಿಕ್‌ನಿಂದ ನಾಲ್ಕು ಬಾಗಿಲಿಗೂ ಹಾಳೆ ಕತ್ತರಿಸಿದ್ದು. ವೈಪರ್‌ಗೆ ಎರಡು ಬುಷ್. ಆ ಮೇಲೆ ಪುಷ್ಯ ಮಳೆ ಎರಡು ವಾರ ಬಡಿಯಿತು, ಒಳಗೆ ಒಂದು ಹನಿ ಇಲ್ಲ. ನಮ್ಮ ಮೆಕ್ಯಾನಿಕ್ ತೆಗೆದುಕೊಂಡದ್ದು 800 ರೂಪಾಯಿ. ಜಾಸ್ತಿ ಕೊಡೋಕೆ ಹೋದರೆ ಬೈದರು. ಫ್ಲೋರ್ ಮಾತ್ರ ಬೇಸಿಗೆಯಲ್ಲಿ ಸರಿಯಾಗಿ ವೆಲ್ಡ್ ಮಾಡಿಸಬೇಕು, ಅದರ ಖರ್ಚು ಬೇರೆ.

ವಕೀಲ ಗೆಳೆಯನಿಗೆ ಕೇಳಿದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಫೀಸ್ ಇಲ್ಲ, ಹಾಕು ಅಂದ. ಆಮೇಲೆ, "ಬಿಲ್ ಎಲ್ಲಿ?" ಅಂದ. ನನ್ನ ಹತ್ತಿರ ಇರೋದು ಪೆನ್ನಿನಲ್ಲಿ ಗೀಚಿದ ಚೀಟಿ, ಯಾರೋ ಹುಡುಗನ ನಂಬರಿಗೆ ಹೋದ ಯುಪಿಐ, ಮತ್ತೆ ಆ ವಾಯ್ಸ್ ಮೆಸೇಜ್. ನೋಡೋಣ ಅಂದಿದ್ದಾನೆ.

ಆದ್ದರಿಂದ ಹೇಳ್ತೀನಿ, ನೀರು ಬಿಟ್ಟು ನೋಡದೆ ಸೋರಿಕೆಗೆ ರೇಟು ಹೇಳೋರ ಕೈಗೆ ಕೀ ಕೊಡಬೇಡಿ. ಜಿಎಸ್‌ಟಿ ಕಟ್ಟಿ, ಬಿಲ್ ತಗೊಳ್ಳಿ. ಬಿಚ್ಚಿದ ಹಳೇ ಸಾಮಾನೆಲ್ಲ ಚೀಲದಲ್ಲಿ ವಾಪಸ್ ಕೇಳಿ, ಹರಿದ ಪ್ಲಾಸ್ಟಿಕ್ ಆದರೂ ಸರಿ. ಪಾಲಿಶ್ ಮಾಡಿದ ಅಂಬಾಸಿಡರ್ ನೋಡುತ್ತಾ ನಿಲ್ಲಬೇಡಿ.

ಹೋದ ವಾರ ಆ ವರ್ಕ್‌ಶಾಪಿನವರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಒಂದು ಬಿಳಿ ಪದ್ಮಿನಿ ಬಂದಿದೆ, ಕೆಳಗೆ "ಲೀಕ್ ಪ್ರೂಫ್ ಗ್ಯಾರಂಟಿ" ಅಂತ. ಮುಂದಿನ ಗಾಜಿನ ಸುತ್ತ ಬೆಳ್ಳಿ ಪಟ್ಟಿ ಇಲ್ಲ ನೋಡಿ, ಅದು ನಮ್ಮ ಗಾಡಿ. ಆ ಫೋಟೋ ನೋಡಿ ಯಾರಾದರೂ ಅಡ್ವಾನ್ಸ್ ಕೊಡೋಕೆ ಹೊರಟಿದ್ದರೆ ಮೊದಲು ನನ್ನನ್ನು ಕೇಳಿ. ಆ ವಾಯ್ಸ್ ಮೆಸೇಜ್ ಕಳಿಸ್ತೀನಿ.