ಉಪ್ಪು ಗಾಳಿಯಲ್ಲಿ ನಾಲ್ಕು ಬಗೆಯ ಬೇಸ್ ತಂತಿ

ಜೂನ್ ಬಂತೆಂದರೆ ನಮ್ಮ ಅಡುಗೆಮನೆಯ ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುತ್ತದೆ. ಅಮ್ಮ ಗೊಣಗುತ್ತಾ ಬಸಿಯುತ್ತಾರೆ. ಅದೇ ಹೊತ್ತಿಗೆ ಒಳಕೋಣೆಯಲ್ಲಿ ನನ್ನ ಬೇಸ್ ಗಿಟಾರಿನ ತಂತಿಗೂ ಅದೇ ಗತಿ. ಗಾಳಿಯ ತೇವ ಶೇಕಡಾ 75 ದಾಟಿತೆಂದರೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗುತ್ತದೆ. ಬೆರಳಿನ ಬೆವರಲ್ಲಿ ಉಪ್ಪುಂಟು. ನಮ್ಮೂರು ಸುರತ್ಕಲಿನ ಕಡಲ ಗಾಳಿಯಲ್ಲೂ ಉಂಟು. ಮಳೆಗಾಲದಲ್ಲಿ ಇಲ್ಲಿ ತೇವ 75ಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಅಂದರೆ ನಾಲ್ಕು ತಿಂಗಳು ತಂತಿಯ ಮೇಲೆ ಒದ್ದೆ ಉಪ್ಪು ಕೂತೇ ಇರುತ್ತದೆ.

ಹಾಗಾಗಿ ವಿಡಿಯೋಗಳಲ್ಲಿ ಬರುವ ತಂತಿ ಹೋಲಿಕೆ ನೋಡಿದರೆ ನನಗೆ ನಗು ಬರುತ್ತದೆ. ಹೊಸ ಸೆಟ್ ಹಾಕಿದ ದಿನವೇ ನುಡಿಸಿ, ಇದು ಚೆಂದ, ಅದು ಮಂಕು ಅನ್ನುತ್ತಾರೆ. ಮೊದಲ ದಿನ ಎಲ್ಲವೂ ಚೆಂದವೇ. ಮದುಮಗಳನ್ನು ಮದುವೆ ಮಂಟಪದಲ್ಲಿ ನೋಡಿ ಗುಣ ಹೇಳಿದ ಹಾಗಾಯಿತು. ನಮ್ಮೂರಲ್ಲಿ ತಂತಿಯ ಗುಣ ಗೊತ್ತಾಗುವುದು ಜುಲೈ ಕೊನೆಗೆ.

ಒಂದೇ ಬೇಸ್‌ನಲ್ಲಿ ನಾಲ್ಕು ಬಗೆಯ ತಂತಿ ಹಾಕಿ ನೋಡಿದ್ದೇನೆ. ಬೇಸ್ ಮಾಮೂಲಿ 34 ಇಂಚು ಸ್ಕೇಲಿನದ್ದು (ತಂತಿಯ ನುಡಿಯುವ ಭಾಗದ ಉದ್ದ ಅದು), ತಂತಿಯ ಕಂಪನ ಹಿಡಿಯುವ ಪಿಕಪ್ ಎರಡು, ಮೇಪಲ್ ಕತ್ತು, ರೋಸ್‌ವುಡ್ ಬೋರ್ಡು. ಎಲ್ಲ ಸೆಟ್ಟೂ 45ರಿಂದ 105 ಗೇಜಿನವು, ಅಂದರೆ ತಂತಿಯ ದಪ್ಪ ಇಂಚಿನ ಸಾವಿರದ ಪಾಲಿನ ಲೆಕ್ಕದಲ್ಲಿ. ಕಂಪೆನಿ ಹೆಸರು ಹೇಳುವುದಿಲ್ಲ, ಇಲ್ಲಿ ಬಗೆ ಮುಖ್ಯ. ನುಡಿಸುವುದು ಹೆಚ್ಚಾಗಿ ಕೊಂಕಣಿ ಮದುವೆಯ ರಿಸೆಪ್ಶನ್‌ಗಳಲ್ಲಿ, ಗಣೇಶೋತ್ಸವದ ರಸಮಂಜರಿಗಳಲ್ಲಿ, ಆಗೊಮ್ಮೆ ಈಗೊಮ್ಮೆ ಚರ್ಚಿನ ಕಾಯರ್ (ಹಾಡುವ ತಂಡ) ಜೊತೆ. ಸೋಲೋ ಬಾರಿಸುವವನಲ್ಲ. ವಾಲ್ಟ್ಜ್ ಬಂದರೆ ಮೂರರ ಲೆಕ್ಕ, ಬೈಲಾ ಕುಣಿತದ ಹಾಡು ಬಂದರೆ 6/8ರ ಲೆಕ್ಕ, ಕುಣಿಯುವವರ ಕಾಲು ತಪ್ಪದ ಹಾಗೆ ನೋಡಿಕೊಳ್ಳುವುದು. ನನ್ನ ಅಭಿಪ್ರಾಯ ಅಲ್ಲಿಂದ ಹುಟ್ಟಿದ್ದು, ಅದು ನೆನಪಿರಲಿ.

ಮೊದಲು ನಿಕ್ಕಲ್. ಎಲ್ಲರೂ ಶುರು ಮಾಡುವುದು ಇದರಿಂದಲೇ. ಒಳಗೆ ಉಕ್ಕಿನ ತಂತಿ, ಅದರ ಸುತ್ತ ದುಂಡು ತಂತಿ ಬಿಗಿಯಾಗಿ ಸುತ್ತಿರುತ್ತದೆ. ಆ ಸುತ್ತಿದ ತಂತಿಯೂ ಉಕ್ಕೇ, ಮೇಲೆ ನಿಕ್ಕಲ್ ಲೇಪ ಅಷ್ಟೆ. ಸೌಂಡ್ ಎಲ್ಲದಕ್ಕೂ ಹೊಂದುತ್ತದೆ, ಬೆರಳಿಗೂ ಹಿತ. ಸುಮಾರು 2000 ರೂಪಾಯಿ ಕೊಟ್ಟು ಜೂನ್ ಮೊದಲ ವಾರ ಹಾಕಿದೆ. ಜುಲೈ ನಡುವಿಗೆ ಸತ್ತಿತು. ಆರು ವಾರ! ಮೊದಲು ಎಲ್ಲಕ್ಕಿಂತ ತೆಳು ‘ಜಿ’ ತಂತಿಯ ಮೇಲೆ ಚುಕ್ಕೆ ಚುಕ್ಕೆ ಕಂದು ಬಣ್ಣ. ಆಮೇಲೆ ನುಡಿಸಿ ಎದ್ದರೆ ಬೆರಳ ತುದಿ ಕಪ್ಪು. ಕೊನೆಗೆ ಹನ್ನೆರಡನೇ ಫ್ರೆಟ್ಟಿನಲ್ಲಿ (ಫ್ರೆಟ್ಟು ಅಂದರೆ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಸ್ವರ ತಪ್ಪತೊಡಗಿತು. ತೆರೆದ ತಂತಿ ಟ್ಯೂನರಲ್ಲಿ ಸರಿ, ಮೇಲೆ ಹೋದರೆ ಅಪಶ್ರುತಿ. ಕೊಳೆ, ತುಕ್ಕು ಸೇರಿ ತಂತಿಯ ತೂಕ ಒಂದೊಂದು ಕಡೆ ಒಂದೊಂದು ಆದರೆ ಹೀಗೆಯೇ ಆಗುವುದು. ಬಾಡಿಯ ಮೇಲೆ ತಂತಿ ಕೂರುವ ಬ್ರಿಡ್ಜಿನ ತಿರುಪು ತಿರುಗಿಸಿ ಅರ್ಧ ದಿನ ಹಾಳು ಮಾಡಿದ ಮೇಲೆ ನನಗೆ ಇದು ತಲೆಗೆ ಹೋಯಿತು.

ಅದೇ ಬಗೆಯ ಹೊಸ ನಿಕ್ಕಲ್ ಸೆಟ್ಟನ್ನು ಮುಂದೆ ನವೆಂಬರಲ್ಲಿ ಹಾಕಿದಾಗ ಫೆಬ್ರವರಿ ತನಕ ಚೆಂದ ಬಂತು. ಹಾಗಾಗಿ ನಿಕ್ಕಲ್ ಕೆಟ್ಟದ್ದು ಅಂತ ಹೇಳಲಾರೆ. ಮಳೆಗಾಲಕ್ಕೆ ಆಗುವುದಿಲ್ಲ, ಅಷ್ಟೆ. ಒಂದು ಮಾತು: ಖರೀದಿಸುವಾಗ ಪ್ಯಾಕೆಟ್ ನೋಡಿ. ಪೇಟೆಯ ಒಂದು ಅಂಗಡಿಯಲ್ಲಿ ಕೊಂಡ ಸೆಟ್ ಮನೆಯಲ್ಲಿ ಬಿಡಿಸಿದರೆ ಒಳಗೇ ತುಕ್ಕು. ಅಲ್ಲಿ ಎಷ್ಟು ಮಳೆಗಾಲ ಕಂಡಿತ್ತೋ. ಗಾಳಿಯಾಡದ ಹಾಗೆ ಸೀಲ್ ಮಾಡಿದ ಪ್ಯಾಕೆಟ್ ಇದ್ದರೆ ಮಾತ್ರ ತನ್ನಿ, ಕಾಗದದ ಲಕೋಟೆಯದ್ದು ಬೇಡ.

ಎರಡನೆಯದು ಸ್ಟೇನ್‌ಲೆಸ್ ಸ್ಟೀಲ್. 2200 ಆಯಿತು. ಸ್ಟೀಲ್ ಸುತ್ತಿದ ದುಂಡು ತಂತಿ ರಾಕ್ ಸಂಗೀತಕ್ಕೆ ಹತ್ತಿಕೊಂಡದ್ದು 1966ರಲ್ಲಿ. ದಿ ಹೂ ಎಂಬ ರಾಕ್ ತಂಡದ ಬೇಸ್ ವಾದಕ ಜಾನ್ ಎಂಟ್ವಿಸಲ್ ಇಂಗ್ಲೆಂಡಿನ ರೋಟೋಸೌಂಡ್ ಕಂಪೆನಿಯವರ ಜೊತೆ ಕೂತು ತನಗೆ ಬೇಕಾದ ಹಾಗೆ ಮಾಡಿಸಿಕೊಂಡ. ಪಿಯಾನೋದ ಕೆಳಗಿನ ಸ್ವರಗಳ ಹಾಗೆ ಖಣಖಣ ಅನ್ನುವ ಸೌಂಡ್. ಜುಲೈ ಮಳೆಯಲ್ಲಿ ಹಾಕಿದೆ. ತುಕ್ಕು ಕಾಣಲೇ ಇಲ್ಲ. ಖುಷಿಯಾಯಿತು. ಆದರೆ ಎರಡು ತಿಂಗಳಿಗೆ ಸೌಂಡ್ ಮಂಕಾಯಿತು.

ಇಲ್ಲಿ ನನಗೆ ಒಂದು ವಿಷಯ ಗೊತ್ತಾಯಿತು. ತುಕ್ಕು ಬೇರೆ, ಕೊಳೆ ಬೇರೆ. ಸ್ಟೀಲಿಗೆ ತುಕ್ಕು ಹಿಡಿಯದಿರಬಹುದು, ಆದರೆ ಸುತ್ತುಗಳ ಸಂದಿಯಲ್ಲಿ ಬೆವರು, ಚರ್ಮದ ಪುಡಿ, ಜಿಡ್ಡು ತುಂಬಿಕೊಳ್ಳುವುದು ಎಲ್ಲ ದುಂಡು ತಂತಿಗೂ ಒಂದೇ. ಕೊಳೆಯಾದರೆ ತೊಳೆಯಬಹುದು. ಪ್ಲಂಬರ್ ಅಂಗಡಿಯಿಂದ ಒಂದು ಮೀಟರ್ ಪಿವಿಸಿ ಪೈಪು ತಂದು, ಒಂದು ತುದಿ ಮುಚ್ಚಿ, ಮೆಡಿಕಲ್ಲಿನಲ್ಲಿ ಸಿಗುವ ಐಸೋಪ್ರೊಪೈಲ್ ಸ್ಪಿರಿಟ್ ತುಂಬಿಸಿ, ತಂತಿಗಳನ್ನು ರಾತ್ರಿಯಿಡೀ ಮುಳುಗಿಸಿಟ್ಟೆ. ಬೆಳಿಗ್ಗೆ ಸ್ಪಿರಿಟ್ ಕೆಸರುನೀರಿನ ಬಣ್ಣ. ತಂತಿ ಮುಕ್ಕಾಲು ಪಾಲು ಹೊಸದರ ಹಾಗೆ ಹಾಡಿತು. ಒಲೆಯ ಹತ್ತಿರ ಇಡಬೇಡಿ, ಅದು ಬೆಂಕಿ ಹಿಡಿಯುವ ವಸ್ತು. ಆ ಪ್ರಾಣ ಮೂರು ವಾರ ಬಂತು. ನಿಕ್ಕಲ್ಲಿಗೂ ಇದನ್ನೇ ಮಾಡಿ ನೋಡಿದ್ದೆ, ತುಕ್ಕು ಹಿಡಿದ ಮೇಲೆ ಏನೂ ಪ್ರಯೋಜನ ಇಲ್ಲ. ಕೆಲವರು ನೀರಲ್ಲಿ ಕುದಿಸುತ್ತಾರೆ. ಬಿಸಿಲಿದ್ದರೆ ಸರಿ. ಮಳೆಗಾಲದಲ್ಲಿ ಒಳಗಿನ ನೀರು ಒಣಗುವುದು ಎಲ್ಲಿಂದ? ಚಡ್ಡಿ ಒಣಗುವುದಕ್ಕೇ ಮೂರು ದಿನ ಬೇಕು.

ಸ್ಟೀಲಿನ ತೊಂದರೆ ಬೇರೆ. ಮುಟ್ಟಿದರೆ ಅರ ಮುಟ್ಟಿದ ಹಾಗೆ. ಫ್ರೆಟ್ಟು ಬೇಗ ಸವೆಯುತ್ತದೆ. ಫ್ರೆಟ್ಟಿಲ್ಲದ ಬೇಸ್ ಇರುವವರಂತೂ ಹಾಕಲೇಬಾರದು, ಬೋರ್ಡಿನ ಮರವನ್ನೇ ತಿಂದು ಹಾಕುತ್ತದೆ. ಬೆರಳು ಜಾರಿಸಿದರೆ ಕಿರ್ರ್ ಅನ್ನುವ ಸದ್ದು. ರಸಮಂಜರಿಯ ಗದ್ದಲದಲ್ಲಿ ಯಾರಿಗೂ ಕೇಳುವುದಿಲ್ಲ. ಚರ್ಚಿನ ಪೂಜೆಯಲ್ಲಿ ಎಲ್ಲರೂ ಮೌನವಾಗಿದ್ದಾಗ ಕೇಳುತ್ತದೆ. ಕಾಯರ್ ಮಾಸ್ಟರ್ ತಿರುಗಿ ನೋಡಿದ ನೋಟ ಇನ್ನೂ ನೆನಪಿದೆ.

ಮಾರ್ಚಿನಲ್ಲಿ ಮನಸ್ಸು ಗಟ್ಟಿ ಮಾಡಿ ಕೋಟಿಂಗ್ ಇರುವ ಸೆಟ್ ತರಿಸಿದೆ, 4200. ತಂತಿಯ ಮೇಲೆ ತೆಳುವಾದ ಪ್ಲಾಸ್ಟಿಕ್ ಪೊರೆ. ಕೊಳೆ ಒಳಗೆ ಹೋಗುವುದಿಲ್ಲ, ನೀರೂ ಹೋಗುವುದಿಲ್ಲ. ಮೇ ತಿಂಗಳ ಸೆಕೆಗೂ ಜಗ್ಗಲಿಲ್ಲ, ಜುಲೈ ಮಳೆಗೂ ಜಗ್ಗಲಿಲ್ಲ. ಸೆಪ್ಟೆಂಬರ್ ನಡುವಿನ ತನಕ, ಅಂದರೆ ಆರೂವರೆ ತಿಂಗಳು ಬಂತು. ದುಡಿದ ದುಡ್ಡಿಗೆ ಮೋಸ ಇಲ್ಲ. ಬೆವರು ಕೈಯಲ್ಲಿ ಸ್ವಲ್ಪ ಜಾರುತ್ತದೆ, ಅದು ಅಭ್ಯಾಸವಾಗುತ್ತದೆ. ತಪ್ಪು ನಾನೇ ಮಾಡಿದೆ. ಗಣೇಶೋತ್ಸವದಲ್ಲಿ ಒಂದಷ್ಟು ಹಾಡಿಗೆ ಬೆರಳಿನ ಬದಲು ಪ್ಲೆಕ್ಟ್ರಮ್ (ತಂತಿ ಮೀಟುವ ಸಣ್ಣ ಬಿಲ್ಲೆ) ಹಿಡಿದು ಬಾರಿಸಿದೆ. ಪಿಕಪ್ಪಿನ ಮೇಲೆ ಪೊರೆ ಎದ್ದು, ಬಾಳೆದಿಂಡಿನ ನಾರಿನ ಹಾಗೆ ನೇತಾಡತೊಡಗಿತು. ಬ್ರಿಡ್ಜಿನ ಮೇಲೆ ತಂತಿ ಕೂರುವಲ್ಲೂ ಪೊರೆ ಹರಿದು, ಅಲ್ಲೊಂದು ತುಕ್ಕಿನ ಉಂಗುರ. ಬರೀ ಬೆರಳಲ್ಲಿ ನುಡಿಸುವವರಿಗೆ ಇದು ಒಳ್ಳೆಯದು. ಪ್ಲೆಕ್ಟ್ರಮ್ಮಿನವರು ಹತ್ತಿರ ಹೋಗಬೇಡಿ.

ನಾಲ್ಕನೆಯದು ಫ್ಲಾಟ್‌ವೌಂಡ್, ಅಂದರೆ ಚಪ್ಪಟೆ ಪಟ್ಟಿ ಸುತ್ತಿದ ತಂತಿ. ಅದರ ಕಡೆ ನನ್ನನ್ನು ತಿರುಗಿಸಿದ್ದು ಮಂಗಳೂರಿನ ಕುಲಶೇಖರದ ಒಬ್ಬ ಅಂಕಲ್. ಎಷ್ಟೋ ವರ್ಷದಿಂದ ಬ್ಯಾಂಡಿನಲ್ಲಿ ನುಡಿಸುತ್ತಾರೆ. ತಂತಿ ಹಾಕಿ ಎಷ್ಟು ಕಾಲವಾಯಿತು ಅಂದರೆ, ಮಗಳು ಶಾಲೆಗೆ ಸೇರಿದ ವರ್ಷ ಅಂದರು. ಮಗಳಿಗೆ ಈಗ ಡಿಗ್ರಿ ಮುಗಿದಿದೆ.

"ಸೌಂಡ್ ಸತ್ತಿಲ್ವಾ ಅಂಕಲ್?" ಅಂತ ಕೇಳಿದೆ.

"ನೀನು ಕೇಳುವುದು ನಿನ್ನ ಕೋಣೆಯಲ್ಲಿ ಮಾರಾಯ. ಕುಣಿಯುವವರಿಗೆ ಕೇಳುವುದೇ ಬೇರೆ. ಒಮ್ಮೆ ಹಾಲ್‌ನ ಹಿಂದೆ ಹೋಗಿ ನಿಂತು ನೋಡು."

ಹೋಗಿ ನಿಂತೆ. ಅವರ ಬೇಸ್ ಎದೆಗೆ ಬಡಿಯುತ್ತಿತ್ತು. ಒಂದೊಂದು ಸ್ವರವೂ ದುಂಡಗೆ ಬಂದು, ಅಲ್ಲೇ ನಿಲ್ಲುತ್ತಿತ್ತು. ನಮ್ಮ ಮದುವೆ ಹಾಲ್‌ಗಳೆಲ್ಲ ಕಾಂಕ್ರೀಟು, ಟೈಲ್ಸು, ಎತ್ತರದ ಮಾಡು. ಒಂದು ಸ್ವರ ಬಿಟ್ಟರೆ ಅದು ಗೋಡೆಗೆ ಬಡಿದು ತಿರುಗುತ್ತಲೇ ಇರುತ್ತದೆ. ದುಂಡು ತಂತಿಯ ಸ್ವರ ಉದ್ದ, ಒಂದರ ಮೇಲೊಂದು ಬಿದ್ದು ಗಂಜಿಯಾಗುತ್ತದೆ. ಫ್ಲಾಟಿನ ಸ್ವರ ಬೇಗ ಇಳಿಯುತ್ತದೆ. ಬೈಲಾಕ್ಕೆ ಬೇಕಾದದ್ದೇ ಅದು.

ಫ್ಲಾಟಿನಲ್ಲಿ ಹೊರಗೆ ಸುತ್ತಿರುವುದು ದುಂಡು ತಂತಿಯಲ್ಲ, ಚಪ್ಪಟೆ ಪಟ್ಟಿ, ಹೆಚ್ಚಾಗಿ ಸ್ಟೇನ್‌ಲೆಸ್. ಸಂದಿಯೇ ಇಲ್ಲದ ಮೇಲೆ ಕೊಳೆ ಕೂರುವುದೆಲ್ಲಿ? ಅಮೆರಿಕದ ಮೋಟೌನ್ ಕಂಪೆನಿಯ ಹಾಡುಗಳಿಗೆ ಬೇಸ್ ನುಡಿಸುತ್ತಿದ್ದ ಜೇಮ್ಸ್ ಜೇಮರ್ಸನ್ ಬಳಸಿದ್ದು ಲಾ ಬೆಲ್ಲಾ ಕಂಪೆನಿಯ ದಪ್ಪ ಫ್ಲಾಟ್ ತಂತಿಗಳನ್ನು. ತಂತಿ ಬದಲಾಯಿಸುವ ಗೋಜಿಗೆ ಆತ ಹೋಗುತ್ತಿರಲಿಲ್ಲ ಎಂಬುದು ಬೇಸ್ ನುಡಿಸುವವರಿಗೆಲ್ಲ ಗೊತ್ತಿರುವ ಮಾತು.

ಸುಮಾರು 4000 ಕೊಟ್ಟು ತರಿಸಿದೆ. ತರಿಸಿದ ದಿನವೇ ಒಂದು ತಂತಿ ಹಾಳು ಮಾಡಿದೆ. ಯಾವತ್ತಿನ ಹಾಗೆ ಉದ್ದ ಅಳೆದು ಕಟ್ಟಿಂಗ್ ಪ್ಲೈಯರಲ್ಲಿ ಕಚಕ್ ಅಂತ ಕತ್ತರಿಸಿದೆ. ಸುತ್ತಿದ ಪಟ್ಟಿ ಒಳಗಿನ ತಂತಿಯ ಮೇಲೆ ಸಡಿಲವಾಗಿ ಜಾರಿತು, ಎಲ್ಲಕ್ಕಿಂತ ದಪ್ಪದ ‘ಇ’ ತಂತಿ ಸತ್ತೇ ಹೋಯಿತು. ಫ್ಲಾಟ್ ತಂತಿಯನ್ನು ಕತ್ತರಿಸುವ ಮೊದಲು ಆ ಜಾಗದಲ್ಲಿ ಲಂಬವಾಗಿ ಮಡಚಬೇಕು, ಮಡಿಕೆಯಿಂದ ಆಚೆಗೆ ಕತ್ತರಿಸಬೇಕು. ಬಿಡಿ ತಂತಿ ಎಲ್ಲೂ ಸಿಗಲಿಲ್ಲ. ಮತ್ತೊಂದು ಸೆಟ್ಟೇ ತರಿಸಬೇಕಾಯಿತು.

ಇನ್ನೊಂದು ವಿಷಯ, ಫ್ಲಾಟಿನ ಎಳೆತ ಜಾಸ್ತಿ. ನಾಲ್ಕು ಮಾಮೂಲಿ ತಂತಿ ಸೇರಿಯೇ ಕತ್ತನ್ನು 70 ಕಿಲೋಗಿಂತ ಹೆಚ್ಚು ಎಳೆಯುತ್ತವೆ, ಇದು ಇನ್ನೂ ಮೇಲೆ. ಹಾಕಿದ ಎರಡು ದಿನಕ್ಕೆ ಕತ್ತು ಮುಂದೆ ಬಾಗಿ ತಂತಿ ಎದ್ದು ನಿಂತಿತು. ಮೊದಲ ಫ್ರೆಟ್ಟನ್ನೂ ಕತ್ತು ಬಾಡಿಗೆ ಸೇರುವ ಕಡೆಯ ಫ್ರೆಟ್ಟನ್ನೂ ಒಟ್ಟಿಗೆ ಒತ್ತಿ ಹಿಡಿಯಿರಿ. ಏಳೆಂಟನೇ ಫ್ರೆಟ್ಟಿನ ಹತ್ತಿರ ತಂತಿಯ ಕೆಳಗೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಜಾಗ ಸಾಕು, ಸುಮಾರು 0.3 ಮಿಲಿಮೀಟರ್. ಜಾಸ್ತಿ ಇದ್ದರೆ ಟ್ರಸ್ ರಾಡನ್ನು (ಕತ್ತಿನ ಬಾಗು ಸರಿಪಡಿಸುವ ಒಳಗಿನ ಕಂಬಿ) ಕಾಲು ಸುತ್ತು ಬಿಗಿ ಮಾಡಿ, ಒಂದು ದಿನ ಬಿಡಿ, ಮತ್ತೆ ನೋಡಿ. ಮಳೆಗಾಲ ಶುರುವಾಗುವಾಗ ಒಮ್ಮೆ, ಮುಗಿದ ಮೇಲೆ ಒಮ್ಮೆ ಯಾವ ತಂತಿಯಿದ್ದರೂ ಇದನ್ನು ನೋಡಬೇಕು. ಮರ ತೇವ ಕುಡಿದರೆ ಕತ್ತು ಅಲುಗದೆ ಇರುವುದಿಲ್ಲ. ನಮ್ಮ ಮನೆಯ ಬಾಗಿಲು ಜುಲೈಯಲ್ಲಿ ಹಾಕಲಿಕ್ಕೆ ಆಗುವುದಿಲ್ಲವಲ್ಲ, ಹಾಗೆ.

ಈ ಏಪ್ರಿಲಿಗೆ ಆ ಸೆಟ್ಟಿಗೆ 19 ತಿಂಗಳು. ಒಂದು ಪೂರ್ತಿ ಮಳೆಗಾಲ ದಾಟಿದೆ. ಬೆರಳು ಕಪ್ಪಾಗುವುದಿಲ್ಲ, ಸ್ವರ ತಪ್ಪಿಲ್ಲ. ತಿಂಗಳ ಲೆಕ್ಕ ಹಾಕಿದರೆ ಮಳೆಗಾಲದ ನಿಕ್ಕಲ್ಲಿಗೆ 1400 ರೂಪಾಯಿಯ ಮೇಲೆ ಬಿತ್ತು, ಸ್ಟೀಲಿಗೆ 1100, ಕೋಟಿಂಗಿಗೆ 650. ಫ್ಲಾಟಿಗೆ ಇಷ್ಟರವರೆಗೆ 210. ಹಾಳು ಮಾಡಿದ ಸೆಟ್ಟನ್ನೂ ಸೇರಿಸಿದರೆ 420. ನಗಬೇಡಿ, ಲೆಕ್ಕ ಹಾಗೆಯೇ ಬರುವುದು.

ಹಾಗಂತ ಫ್ಲಾಟ್ ಎಲ್ಲ ಕಡೆ ಗೆಲ್ಲುವುದಿಲ್ಲ. ತೆರೆದ ಮೈದಾನದಲ್ಲಿ ಸೋತಿದ್ದೇನೆ. ಬೇಸಿನ ‘ಇ’ ತಂತಿ 41 ಹರ್ಟ್ಸ್, ಅಂದರೆ ಸೆಕೆಂಡಿಗೆ 41 ಕಂಪನ. ಸಣ್ಣ ರಸಮಂಜರಿಗೆ ಬರುವ ಬಾಕ್ಸುಗಳಲ್ಲಿ ಅಷ್ಟು ಕೆಳಗಿನದ್ದು ಹೊರಗೇ ಬರುವುದಿಲ್ಲ. ಅದೇ ಸ್ವರದೊಳಗಿನ ಇಮ್ಮಡಿ, ಮುಮ್ಮಡಿ ಕಂಪನದ ಮೇಲಿನ ಎಳೆಗಳು ಕೇಳಿಸಿದರೆ ಕಿವಿಯೇ ಕೆಳಗಿನ ಸ್ವರವನ್ನು ತುಂಬಿಸಿಕೊಳ್ಳುತ್ತದೆ. ಫ್ಲಾಟಿನಲ್ಲಿ ಆ ಮೇಲಿನ ಎಳೆಗಳೇ ಕಡಿಮೆ. ಹಾಗಾಗಿ ಬೇಸ್ ಉಂಟೋ ಇಲ್ಲವೋ ಅಂತ ಆಗುತ್ತದೆ. ಸೌಂಡ್ ಸೆಟ್ ಮಾಡುವಾಗ 250 ಹರ್ಟ್ಸ್ ಹತ್ತಿರ ಸ್ವಲ್ಪ ಇಳಿಸಿ, 700-800ರಲ್ಲಿ ಏರಿಸಿದರೆ ಅರ್ಧ ಸಮಸ್ಯೆ ಹೋಗುತ್ತದೆ. ಉಳಿದರ್ಧಕ್ಕೆ ಸ್ಟೀಲೇ ಬೇಕು. ಹೆಬ್ಬೆರಳಲ್ಲಿ ಬಡಿದು ನುಡಿಸುವ ಸ್ಲ್ಯಾಪ್‌ಗಂತೂ ಫ್ಲಾಟ್ ಬೇಡವೇ ಬೇಡ, ಹಲಗೆ ಬಡಿದ ಹಾಗೆ ಕೇಳುತ್ತದೆ.

ಹಾಗಾಗಿ ಮೈದಾನಕ್ಕೆಂದು ಹಳೆಯ ಬೇಸೊಂದನ್ನು ಕಡಿಮೆಗೆ ತೆಗೆದುಕೊಂಡು ಅದಕ್ಕೆ ಸ್ಟೀಲ್ ಹಾಕಿಟ್ಟಿದ್ದೇನೆ. ಒಂದೇ ಬೇಸ್ ಇಟ್ಟುಕೊಳ್ಳುವ ಹಾಗಿದ್ದರೆ ನಾನು ಅದರಲ್ಲಿ ಫ್ಲಾಟನ್ನೇ ಉಳಿಸಿಕೊಳ್ಳುತ್ತೇನೆ. ಯಾವುದಿದ್ದರೂ ನುಡಿಸಿ ಮುಗಿಸಿದ ಕೂಡಲೇ ಒಣಗಿದ ಹತ್ತಿಯ ಬೈರಾಸಿನಲ್ಲಿ ತಂತಿಯ ಅಡಿಯಿಂದಲೂ ಒರೆಸುತ್ತೇನೆ. ಕೇಸಿನೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು. ನೀಲಿ ಬಣ್ಣದ ಕಾಳು ಗುಲಾಬಿಯಾದರೆ ಬಿಸಿ ಮಾಡಿ ಮತ್ತೆ ಒಣಗಿಸುವುದು. ಮಳೆಗಾಲದಲ್ಲಿ ಗೋಡೆಗೆ ನೇತುಹಾಕುವುದನ್ನು ಬಿಟ್ಟಿದ್ದೇನೆ, ನೋಡಲಿಕ್ಕೆ ಚೆಂದವಿದ್ದರೂ.

ಮೊನ್ನೆ ಕುಳಾಯಿಯ ಒಬ್ಬ ಕಾಲೇಜು ಹುಡುಗ ಬಂದು, "ಅಣ್ಣ, ಜೂನಿಗೆ ಯಾವುದು ಹಾಕುವುದು?" ಅಂತ ಕೇಳಿದ. ಸ್ಲ್ಯಾಪ್ ಹುಚ್ಚಿನವ. ಫ್ಲಾಟ್ ಹೇಳಿದರೆ ಕೇಳುವವನಲ್ಲ. ಸ್ಟೀಲ್ ತಗೋ, ಒಂದು ಬಾಟಲಿ ಸ್ಪಿರಿಟ್ ಇಟ್ಟುಕೋ ಅಂದೆ. ಮುಕ್ಕಾಲು ಗಂಟೆ ಎಲ್ಲ ವಿವರಿಸಿದೆ. ತಲೆಯಾಡಿಸಿ ಹೋದ. ಸಂಜೆ ಫೋಟೋ ಕಳಿಸಿದ್ದಾನೆ, ಕೋಟಿಂಗ್ ಸೆಟ್ ಆರ್ಡರ್ ಮಾಡಿದ್ದಾನಂತೆ. ಹಸಿರು ಬಣ್ಣದ್ದು ಸಿಕ್ಕಿತಂತೆ, ಕತ್ತಲೆಯಲ್ಲಿ ಹೊಳೆಯುತ್ತದಂತೆ.