ಆಂಗ್ವಿಲಾದ ‘.ಎಐ’ ವಿಳಾಸ: ಎರಡು ವರ್ಷ ಬಳಸಿದ ಮೇಲೆ

ಕನ್ನಡದ ಮಾತನ್ನು ಬರಹಕ್ಕಿಳಿಸುವ ತಂತ್ರಾಂಶ ರೂಪಿಸುತ್ತಿರುವ ನಮ್ಮ ಬೆಂಗಳೂರಿನ ಪುಟ್ಟ ಸಂಸ್ಥೆಗಾಗಿ ಎರಡು ವರ್ಷಗಳ ಹಿಂದೆ ‘.ಎಐ’ ಎಂದು ಕೊನೆಗೊಳ್ಳುವ ಜಾಲವಿಳಾಸವೊಂದನ್ನು ಕೊಂಡೆವು. ಆ ಎರಡಕ್ಷರಗಳು ಕೃತಕ ಬುದ್ಧಿಮತ್ತೆಯ ಗುರುತೆಂದೇ ನಮ್ಮ ಗ್ರಾಹಕರು ತಿಳಿದಿದ್ದಾರೆ. ವಾಸ್ತವದಲ್ಲಿ, ಭಾರತಕ್ಕೆ ‘.ಇನ್’ ಇರುವಂತೆ, ಕೆರಿಬಿಯನ್ ಸಮುದ್ರದಲ್ಲಿ ಬ್ರಿಟನ್ನಿನ ಅಧೀನದಲ್ಲಿರುವ ಆಂಗ್ವಿಲಾ ದ್ವೀಪಕ್ಕೆ 1995ರಲ್ಲಿ ಸಿಕ್ಕ ಸಂಕೇತ ಅದು.

ಸೇವೆಯ ಬಗ್ಗೆ ದೂರುವಂಥದ್ದೇನಿಲ್ಲ. ಹಣ ಕಟ್ಟಿದ ಅರ್ಧ ಗಂಟೆಯೊಳಗೆ ವಿಳಾಸ ತೆರೆದುಕೊಂಡಿತು, ಅಂದಿನಿಂದ ಒಂದು ದಿನವೂ ಕೈಕೊಟ್ಟಿಲ್ಲ. ಭಾರವೆನಿಸುವುದು ಬೆಲೆ ಮಾತ್ರ. ‘.ಇನ್’ನಂತೆ ವರ್ಷಕ್ಕೊಮ್ಮೆ ಕಟ್ಟಲು ಅವಕಾಶವಿಲ್ಲ, ಕನಿಷ್ಠ ಎರಡು ವರ್ಷಗಳ ಶುಲ್ಕವನ್ನು ಒಟ್ಟಿಗೇ ತೆರಬೇಕು. ನಮಗೆ ವಿಳಾಸ ಮಾರಿದ ಸಂಸ್ಥೆಯವರು ತಮ್ಮ ಜಾಲತಾಣದ ಮೊದಲ ಪುಟದಲ್ಲಿ ಒಂದು ವರ್ಷದ ದರವನ್ನು ದಪ್ಪಕ್ಷರದಲ್ಲಿ ತೋರಿಸಿ, ಹಣ ಕಟ್ಟುವ ಪುಟದಲ್ಲಷ್ಟೇ ಅದನ್ನು ಇಮ್ಮಡಿಯಾಗಿಸಿ, ಅದರ ಮೇಲೆ ಶೇ 18ರಷ್ಟು ಜಿಎಸ್‌ಟಿ ಸೇರಿಸಿದರು. ಇದು ನ್ಯಾಯವಾದ ವ್ಯಾಪಾರವಲ್ಲ.

ಆದರೂ ನವೀಕರಿಸುವಾಗ ನನಗೆ ಹಿಂಜರಿಕೆಯಾಗಲಿಲ್ಲ. ಆ ಹಣದಲ್ಲಿ ಒಂದು ಪಾಲು ಹೋಗಿ ಸೇರುವ ನೆಲದ ಬಗ್ಗೆ ಓದಿದ್ದೇ ಅದಕ್ಕೆ ಕಾರಣ. ಸುಮಾರು 26 ಕಿ.ಮೀ. ಉದ್ದ, 5 ಕಿ.ಮೀ. ಅಗಲದ ಆಂಗ್ವಿಲಾ ಸುಣ್ಣಕಲ್ಲಿನ ಚಪ್ಪಟೆ ದ್ವೀಪ. ಅಲ್ಲಿ ಹರಿಯುವ ಹೊಳೆಯಿಲ್ಲ, ಮಳೆ ಕಡಿಮೆ, ಮಣ್ಣಿನ ಪದರ ತೆಳು. ಹೀಗಾಗಿ ನೆರೆಯ ದ್ವೀಪಗಳಲ್ಲಿ ಕಬ್ಬು ಹಬ್ಬಿದಂತೆ ಇಲ್ಲಿ ಹಬ್ಬಲಿಲ್ಲ. ಜನ ಉಪ್ಪು ತೆಗೆದು, ಮೀನು ಹಿಡಿದು, ದೋಣಿ ಕಟ್ಟಿ ಬದುಕಿದರು. ಈಗ ಅವರ ಬದುಕು ಬಹುಮಟ್ಟಿಗೆ ನಿಂತಿರುವುದು ಪ್ರವಾಸಿಗರ ಮೇಲೆ. 2017ರ ಸೆಪ್ಟೆಂಬರ್‌ನಲ್ಲಿ ಇರ್ಮಾ ಚಂಡಮಾರುತ ಬಂದೆರಗಿ ಮನೆ, ಶಾಲೆ, ಹೋಟೆಲುಗಳನ್ನು ಹಾಳುಗೆಡವಿತು; ಅದರಿಂದ ಚೇತರಿಸಿಕೊಳ್ಳುವಷ್ಟರಲ್ಲಿ ಕೋವಿಡ್ ಬಂದು ಪ್ರವಾಸಿಗರೇ ಇಲ್ಲವಾದರು.

ಸುಮಾರು 16 ಸಾವಿರ ಜನರ ಆ ದ್ವೀಪದಲ್ಲಿ ಆದಾಯ ತೆರಿಗೆ ಇಲ್ಲ. ಅಂಥಲ್ಲಿ 2022ರಲ್ಲಿ 1,44,000 ಇದ್ದ ‘.ಎಐ’ ನೋಂದಣಿಗಳು 2023ರಲ್ಲಿ 3,54,000ಕ್ಕೆ ಏರಿ, ಆ ವರ್ಷ ಸುಮಾರು 3.2 ಕೋಟಿ ಅಮೆರಿಕನ್ ಡಾಲರ್ ತಂದವು. ಅದು ಸರ್ಕಾರದ ಒಟ್ಟು ಆದಾಯದ ಐದನೇ ಒಂದು ಭಾಗಕ್ಕೂ ಹೆಚ್ಚು. ಗಾಳಿ ಬೀಸಿದರೂ ನಿಲ್ಲದ ಗಳಿಕೆ ಇದೊಂದೇ ಎನ್ನಬಹುದು. ಈ ಹೆಸರಿನ ಮೋಹ ಇಳಿದ ದಿನ ಅದೂ ಇಳಿಯುತ್ತದೆಂಬ ಆತಂಕ ನನಗಿದೆ. 2024ರಲ್ಲಿ ಆಂಗ್ವಿಲಾ ಸರ್ಕಾರ ಜಾಲವಿಳಾಸಗಳನ್ನು ನಿರ್ವಹಿಸುವ ಐಡೆಂಟಿಟಿ ಡಿಜಿಟಲ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು, ಸರ್ವರ್‌ಗಳ ಹೊರೆಯನ್ನು ದ್ವೀಪದಾಚೆಯ ಜಾಲಕ್ಕೆ ವಹಿಸಿದ್ದು ವಿವೇಕದ ಕೆಲಸ.

ಕೃತಕ ಬುದ್ಧಿಮತ್ತೆಯ ಕೆಲಸ ಮಾಡದವರಿಗೆ ‘.ಇನ್’ ಧಾರಾಳವಾಗಿ ಸಾಕು. ಮಾಡುವವರು ಕೊಳ್ಳುವ ಮುನ್ನ ನವೀಕರಣದ ದರವನ್ನು ಲಿಖಿತವಾಗಿ ಕೇಳಿ ಪಡೆಯಬೇಕು. ನಾವು ಇನ್ನೆರಡು ವರ್ಷಕ್ಕೆ ಹಣ ಕಟ್ಟಿದ್ದೇವೆ, ಆದರೆ ಬೇರೊಬ್ಬ ಮಾರಾಟಗಾರರ ಮೂಲಕ.